ಸಬ್ಬತ್ ದಿನ ಅಮ್ಮನಿಗೆ ಯಾಕಿಲ್ಲ? ನಿಮ್ಮ ಮನೆಯಲ್ಲಿ ಭಾನುವಾರ ಹೇಗಿರುತ್ತೆ ಹೇಳಿ

ಭಾನುವಾರದ ಟೀಚರ್ (ಬೆಂಗಳೂರು)

ಎಲ್ಲರಿಗೂ ವಂದನೆ. ಬಹಳ ದಿನದಿಂದ ಮನಸ್ಸನ್ನು ಕೊರೀತಿರೋ ವಿಷಯ, ಇವತ್ತು ಕೇಳಿಯೇಬಿಡ್ತೀನಿ.

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಕುಟುಂಬ. ನಾನು ಹೈಸ್ಕೂಲಲ್ಲಿ ಪಾಠ ಮಾಡ್ತೀನಿ, ಯಜಮಾನರು ಸಾಫ್ಟ್‌ವೇರ್ ಸಪೋರ್ಟ್ ಕೆಲಸದಲ್ಲಿದ್ದಾರೆ. ಮಗಳು ಒಂಬತ್ತನೇ ಕ್ಲಾಸು, ಮಗ ಮೂರನೇ ಕ್ಲಾಸು, ಜೊತೆಗೆ ಅತ್ತೆ. ಭಾನುವಾರ ನಾನು ಏಳೋದು ಐದಕ್ಕೆ. ತಿಂಡಿ ಮಾಡಿ, ಮಧ್ಯಾಹ್ನದ ಕೋಳಿಸಾರಿಗೆ ಮಸಾಲೆ ರುಬ್ಬಿಟ್ಟು, ಎಲ್ಲರ ಬಟ್ಟೆ ಇಸ್ತ್ರಿ ಮಾಡಿ, ಎಂಟೂವರೆ ಆರಾಧನೆಗೆ ಓಡಬೇಕು. ಅದಾದ ಮೇಲೆ ಸಂಡೇ ಸ್ಕೂಲು, ಅದಾದ ಮೇಲೆ ಸ್ತ್ರೀಯರ ಸಂಘ. ಮನೆಗೆ ಬರೋಷ್ಟರಲ್ಲಿ ಒಂದೂವರೆ. ಊಟಕ್ಕೆ ಯಾರಾದರೂ ಬಂದೇ ಇರ್ತಾರೆ. ಸಂಜೆ ವಾರದ ಬಟ್ಟೆ ರಾಶಿ, ಸೋಮವಾರದ ಪಾಠದ ತಯಾರಿ. ರಾತ್ರಿ ಹಾಸಿಗೆಗೆ ಬಿದ್ದಾಗ, ವಾರದ ಏಳು ದಿನದಲ್ಲಿ ಇವತ್ತೇ ಜಾಸ್ತಿ ದುಡಿದೆ ಅನ್ನಿಸುತ್ತೆ.

ಹೋದ ವಾರ ಮಕ್ಕಳಿಗೆ ಬೈಬಲಿನ ಧರ್ಮೋಪದೇಶಕಾಂಡ 5ನೇ ಅಧ್ಯಾಯ ಓದಿಸ್ತಿದ್ದೆ, ಸಬ್ಬತ್ ಅಂದರೆ ವಾರಕ್ಕೊಂದು ವಿಶ್ರಾಂತಿಯ ದಿನ ಅನ್ನೋ ಭಾಗ. ಸಬ್ಬತ್ ದಿನ ಯಾರ್‍ಯಾರು ಕೆಲಸ ಮಾಡಬಾರದು ಅನ್ನೋ ಪಟ್ಟಿ ಇದೆಯಲ್ಲ: ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಲ್ಲಿರೋ ಪರದೇಶಿ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, 'ಮಿಸ್, ಇದರಲ್ಲಿ ಅಮ್ಮ ಯಾಕಿಲ್ಲ?' ಅಂದಳು. ನನಗೆ ಮಾತೇ ಹೊರಡಲಿಲ್ಲ.

ಮಕ್ಕಳು, ಕೆಲಸ, ಸಭೆ ಎಲ್ಲ ಇಟ್ಟುಕೊಂಡು ನೀವು ಸಬ್ಬತ್ತನ್ನು ಹೇಗೆ ಆಚರಿಸ್ತೀರಿ? ಉಪದೇಶ ಬೇಡ, ನಿಮ್ಮ ಮನೆಯಲ್ಲಿ ನಿಜವಾಗಿ ನಡೆಯೋದನ್ನ ಹೇಳಿ.

ಕೆಂಪುಮಣ್ಣು

ನಮ್ಮ ಮನೆಯನ್ನ ಕಿಟಕಿಯಿಂದ ನೋಡಿ ಬರೆದ ಹಾಗಿದೆ ಅಕ್ಕ.

ಅರ್ಥ ಕೇಳುವವನು

ಆ ಹುಡುಗಿಗೆ ಉತ್ತರ ಇದೆ ಟೀಚರ್. 'ನೀನು' ಅನ್ನೋದರಲ್ಲೇ ಹೆಂಡತಿ ಸೇರಿದ್ದಾಳೆ. ಮನೆಯ ಯಜಮಾನ, ಯಜಮಾನಿ ಇಬ್ಬರನ್ನೂ ಒಟ್ಟಿಗೆ ಕರೆದು ಹೇಳಿದ ಆಜ್ಞೆ ಅಂತ ವ್ಯಾಖ್ಯಾನಕಾರರು ಓದ್ತಾರೆ. ಬೇರೆಯಾಗಿ ಹೆಸರಿಸಿಲ್ಲ ಅಂದ ಮಾತ್ರಕ್ಕೆ ಬಿಟ್ಟುಬಿಟ್ಟಿದ್ದಾರೆ ಅಂತಲ್ಲ.

ಮೂರು ಮಕ್ಕಳ ತಾಯಿ

ಓದೋದಕ್ಕೆ ಸೇರಿದ್ದಾಳೆ, ಸರಿ. ಅಡುಗೆಮನೆಯಲ್ಲಿ ಸೇರಿದ್ದಾಳಾ? ಟೀಚರ್ ಕೇಳಿದ್ದು ಅದನ್ನ.

ಶುಕ್ರವಾರದ ಸಂಜೆ

ನಾವು ಸೆವೆಂತ್ ಡೇ ಅಡ್ವೆಂಟಿಸ್ಟರು. ನಮ್ಮ ಸಬ್ಬತ್ ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗಿ ಶನಿವಾರ ಸೂರ್ಯ ಮುಳುಗಿದಾಗ ಮುಗಿಯುತ್ತೆ. ನಮ್ಮಲ್ಲಿ ನಡೆಯೋದನ್ನ ಇದ್ದ ಹಾಗೆ ಬರೀತೀನಿ.

ಗುಟ್ಟು ಇರೋದು ಶುಕ್ರವಾರದಲ್ಲಿ. ನಾವು ಅದನ್ನ ಸಿದ್ಧತೆಯ ದಿನ ಅಂತೀವಿ. ವಿಮೋಚನಕಾಂಡ 16ರಲ್ಲಿ ದೇವರು ಅರಣ್ಯದಲ್ಲಿ ಕೊಟ್ಟ ಆಹಾರ, ಮನ್ನ, ಆರನೇ ದಿನ ಎರಡರಷ್ಟು ಸಿಗ್ತಿತ್ತಲ್ಲ, ಅದೇ ಲೆಕ್ಕ. ಬೆಂಗಳೂರಲ್ಲಿ ನವೆಂಬರಿನಲ್ಲಿ ಆರು ಗಂಟೆಗೆ ಮೊದಲೇ ಕತ್ತಲಾಗುತ್ತೆ, ಜುಲೈನಲ್ಲಿ ಆರು ಮುಕ್ಕಾಲು ದಾಟುತ್ತೆ. ಹಾಗಾಗಿ ಚಳಿಗಾಲದ ಶುಕ್ರವಾರ ಓಟ ಜಾಸ್ತಿ. ಗುರುವಾರ ರಾತ್ರಿಯೇ ಬಟ್ಟೆ, ಇಸ್ತ್ರಿ ಮುಗಿಸ್ತೀವಿ. ಶುಕ್ರವಾರ ಮಧ್ಯಾಹ್ನದೊಳಗೆ ಪುಳಿಯೋಗರೆ ಗೊಜ್ಜು, ಚಪಾತಿ, ಕಾಳುಪಲ್ಯ ತಯಾರು. ಶನಿವಾರ ಬಿಸಿ ಮಾಡಿಕೊಳ್ತೀವಿ ಅಷ್ಟೇ, ಜೊತೆಗೆ ಮೊಸರನ್ನ. ಪಾತ್ರೆ ತೊಟ್ಟಿಯಲ್ಲೇ ಇರುತ್ತೆ, ಶನಿವಾರ ಸೂರ್ಯ ಮುಳುಗಿದ ಮೇಲೆ ನಾಲ್ಕು ಜನ ಸೇರಿ ತೊಳೀತೀವಿ.

ಮೊದಲ ಎರಡು ವರ್ಷ ನನಗೂ ಹೊರೆ ಅನ್ನಿಸ್ತಿತ್ತು, ಯಾಕೆಂದರೆ ಶುಕ್ರವಾರದ ಓಟ ಪೂರ್ತಿ ನನ್ನ ಒಬ್ಬಳದೇ ಆಗಿತ್ತು. ಒಂದು ದಿನ ಕೂತು ಅತ್ತುಬಿಟ್ಟೆ. ಅವತ್ತಿನಿಂದ ಯಜಮಾನರು ಶುಕ್ರವಾರ ಬೇಗ ಬಂದು ಮನೆ ಗುಡಿಸಿ ಒರೆಸ್ತಾರೆ, ಮಗ ತರಕಾರಿ ಹೆಚ್ಚುತ್ತಾನೆ.

ವಚನದ ಹುಡುಗ

ಅಕ್ಕ ಹೇಳಿದ್ದು ಸರಿ. ಸಬ್ಬತ್ ಅಂದ್ರೆ ಏಳನೇ ದಿನ, ಶನಿವಾರ. ಭಾನುವಾರಕ್ಕೆ ಬದಲಾಯಿಸಿದ್ದು ಕಾನ್‌ಸ್ಟಂಟೈನ್ ಚಕ್ರವರ್ತಿ, 321ರಲ್ಲಿ. ನಾವೆಲ್ಲ ರೋಮಿನ ಕಾನೂನು ಪಾಲಿಸ್ತಿದ್ದೀವಿ.

ಅರ್ಥ ಕೇಳುವವನು

ತಮ್ಮಾ, ಅರ್ಧ ಸರಿ, ಅರ್ಧ ತಪ್ಪು. 321ರಲ್ಲಿ ಕಾನ್‌ಸ್ಟಂಟೈನ್ ಭಾನುವಾರವನ್ನು ಸರ್ಕಾರಿ ಬಿಡುವಿನ ದಿನ ಮಾಡಿದ್ದು ನಿಜ. ಆದರೆ ವಿಶ್ವಾಸಿಗಳು ಭಾನುವಾರ ಕೂಡುತ್ತಿದ್ದದ್ದು ಅದಕ್ಕಿಂತ ಎಷ್ಟೋ ಹಿಂದಿನಿಂದ. ಅಪೊಸ್ತಲರ ಕೃತ್ಯಗಳು 20:7 ನೋಡು, ವಾರದ ಮೊದಲ ದಿನ ರೊಟ್ಟಿ ಮುರಿಯೋಕೆ ಕೂಡಿದ್ದರು. ಎರಡನೇ ಶತಮಾನದ ನಡುವಿನಲ್ಲಿ ಜಸ್ಟಿನ್ ಮಾರ್ಟರ್ ಅನ್ನೋ ಕ್ರೈಸ್ತ ಲೇಖಕ ಭಾನುವಾರದ ಕೂಟವನ್ನು ವಿವರವಾಗಿ ಬರೆದಿದ್ದಾನೆ. ಇನ್ನೊಂದು, ಆ 321ರ ಕಾನೂನಿನಲ್ಲಿ ಹೊಲದ ಕೆಲಸ ಮಾಡೋ ರೈತರಿಗೆ ವಿನಾಯಿತಿ ಇತ್ತು. ಪೇಟೆಯವರಿಗೆ ಮಾತ್ರ ಬಿಡುವು.

ವಚನದ ಹುಡುಗ

ಕೂಡೋದು ಬೇರೆ, ಸಬ್ಬತ್ ಬೇರೆ ಅಣ್ಣ. ಸಬ್ಬತ್ ಆಚರಿಸು ಅನ್ನೋ ನಾಲ್ಕನೇ ಆಜ್ಞೆಯನ್ನ ಯಾರೂ ರದ್ದು ಮಾಡಿಲ್ಲ.

ಅರ್ಥ ಕೇಳುವವನು

ರೋಮಾಪುರದವರಿಗೆ 14:5, ಕೊಲೊಸ್ಸೆಯವರಿಗೆ 2:16. ದಿನದ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬಾರದು ಅಂತ ಅಪೊಸ್ತಲ ಪೌಲನೇ ಆ ಪತ್ರಗಳಲ್ಲಿ ಹೇಳಿದ್ದಾನೆ.

ಮೂರು ಮಕ್ಕಳ ತಾಯಿ

ಅಣ್ಣಂದಿರೇ, ಶನಿವಾರವೋ ಭಾನುವಾರವೋ ಅಂತ ಸಾವಿರ ವರ್ಷದಿಂದ ಜಗಳ ಇದೆ, ಇಲ್ಲಿ ಮುಗಿಯಲ್ಲ. ಅವತ್ತು ಪಾತ್ರೆ ತೊಳೆಯೋದು ಯಾರು ಅನ್ನೋ ಪ್ರಶ್ನೆಗೆ ಇನ್ನೂ ಯಾವ ಗಂಡಸೂ ಉತ್ತರ ಕೊಟ್ಟಿಲ್ಲ.

ಎರಡೆತ್ತಿನ ಗಾಡಿ (ಧಾರವಾಡ ಜಿಲ್ಲಾ)

ರೈತರ ಮಾತು ಬಂತಂತ ಬರೀಲಿಕ್ಕತ್ತೇನ್ರಿ. ನಮ್ಮ ಮನ್ಯಾಗ ನಾಕು ಎಮ್ಮಿ, ಎರಡು ಎತ್ತು ಅದಾವ. ಎಮ್ಮಿಗೆ ಭಾನುವಾರ ಅನ್ನೂದು ಗೊತ್ತಿಲ್ಲ. ಬೆಳಿಗ್ಗೆ ಹಿಂಡಬೇಕು, ಸಂಜಿಗೆ ಹಿಂಡಬೇಕು, ಡೈರಿಗೆ ಹಾಕಬೇಕು. ಹಿಂಡಲಿಲ್ಲಂದ್ರ ಕೆಚ್ಚಲು ಬಾತು ಅದಕ್ಕ ತ್ರಾಸ. ಬಾವಿಗೆ ಬಿದ್ದ ಎತ್ತನ್ನ ಸಬ್ಬತ್ ದಿನ ಎತ್ತೂದಿಲ್ಲೇನು ಅಂತ ಯೇಸುಸ್ವಾಮಿನೇ ಕೇಳ್ಯಾನಲ್ರಿ, ಲೂಕ 14ರಾಗ. ಹಾಲು ಹಿಂಡೂದು ನನಗ ಅದೇ ಲೆಕ್ಕ.

ಆದ್ರ ನೇಗಿಲಾ ಹೂಡೂದಿಲ್ಲ. ನಮ್ಮ ಸುತ್ತಮುತ್ತಲ ರೈತರು ಸೋಮವಾರ ಎತ್ತಿಗೆ ನೊಗ ಹಾಕೂದಿಲ್ಲ, ಬಸವಣ್ಣನ ವಾರ ಅಂತಾರ. ನಮ್ಮಜ್ಜ ಭಾನುವಾರ ಆಜ್ಞೆಗಂತ ಬಿಡತಿದ್ದ, ಸೋಮವಾರ ಊರಿಗಂತ ಬಿಡತಿದ್ದ. ಎತ್ತಿಗೆ ವಾರದಾಗ ಎರಡು ದಿನ ಸೂಟಿ. ಬಿತ್ತಿಗಿ ಹದ ಬಂದಾಗ ಎರಡು ದಿನ ಕೈಕಟ್ಟಿ ಕೂಡೂದು ಸಣ್ಣ ಮಾತಲ್ಲ. ಹಂಗಂತ ಅಜ್ಜ ಎಂದೂ ಗೊಣಗಿದ್ದು ನಾ ಕೇಳಿಲ್ಲ. ಈಗ ಸುತ್ತ ಎಲ್ಲಾ ಟ್ರ್ಯಾಕ್ಟರ್ ಆಗೇತಿ. ಟ್ರ್ಯಾಕ್ಟರಿಗೆ ಸೋಮವಾರನೂ ಇಲ್ಲ, ಭಾನುವಾರನೂ ಇಲ್ಲ.

ಕೆಂಪುಮಣ್ಣು

ಕೋಲಾರದ ಕಡೆಯೂ ಸೋಮವಾರ ಎತ್ತು ಕಟ್ಟಲ್ಲ ಅಂತ ನಮ್ಮ ತಾತ ಹೇಳ್ತಿದ್ದರು. ಎತ್ತೂ ಕತ್ತೆಯೂ ಆಜ್ಞೆಯಲ್ಲೇ ಇರೋದು ನನಗೆ ಬಹಳ ಇಷ್ಟ.

ನೈಟ್ ಡ್ಯೂಟಿ ನರ್ಸ್ (ಮಂಗಳೂರು)

ನಾನು ಕಥೋಲಿಕಳು, ಐಸಿಯುನಲ್ಲಿ ಕೆಲಸ. ತಿಂಗಳಲ್ಲಿ ಎರಡು ಭಾನುವಾರವಾದರೂ ಡ್ಯೂಟಿ ಉಂಟೇ ಉಂಟು. ನಮಗೆ ಶನಿವಾರ ಸಂಜೆಯ ಬಲಿಪೂಜೆಯೂ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ, ಹಾಗಾಗಿ ಪೂಜೆ ತಪ್ಪುವುದಿಲ್ಲ. ಆದರೆ ವಿಶ್ರಾಂತಿ? ನಮ್ಮ ಧರ್ಮಸಭೆಯ ಕಾನೂನಿನ 1247ನೇ ನಿಯಮದಲ್ಲಿ ಪೂಜೆಯ ಜೊತೆಗೆ ಆ ದಿನದ ಸಂತೋಷ, ಮನಸ್ಸಿನ ಮತ್ತು ದೇಹದ ವಿಶ್ರಾಂತಿ ಇವಕ್ಕೆ ಅಡ್ಡಿಯಾಗುವ ಕೆಲಸ ಬಿಡಬೇಕು ಅಂತ ಉಂಟು. ಪೂಜೆಯ ಭಾಗವನ್ನು ಎಲ್ಲರೂ ಹೇಳ್ತಾರೆ ಮಾರ್ರೆ, ದೇಹದ ಭಾಗವನ್ನು ಯಾರೂ ಹೇಳುವುದಿಲ್ಲ.

ನನ್ನ ವಾರದ ರಜೆ ಹೆಚ್ಚಾಗಿ ಬುಧವಾರ. ಅವತ್ತು ಮಕ್ಕಳು ಶಾಲೆಗೆ ಹೋದ ಮೇಲೆ ಒಂದು ಕೆಲಸವನ್ನೂ ಮುಟ್ಟುವುದಿಲ್ಲ. ಮೊದಮೊದಲು ಪಕ್ಕದ ಮನೆಯವರು ನೋಡಿದರೆ ಏನಂದುಕೊಳ್ತಾರೋ ಅಂತ ಬಾಗಿಲು ಹಾಕಿ ಮಲಗುತ್ತಿದ್ದೆ. ಈಗ ಹಾಗಿಲ್ಲ, ಜಗಲಿಯಲ್ಲೇ ಕೂರುತ್ತೇನೆ. ರಾತ್ರಿ ಎಲ್ಲರೂ ಸೇರಿ ಜಪಸರ ಹೇಳ್ತೇವೆ. ಬುಧವಾರವನ್ನು ದೇವರು ಒಪ್ಪುವುದಿಲ್ಲ ಅಂತ ನನಗೆ ಅನ್ನಿಸುವುದಿಲ್ಲ.

ವಚನದ ಹುಡುಗ

ಹಾಗಾದ್ರೆ ಯಾವ ದಿನ ಬೇಕಾದ್ರೂ ಆಗುತ್ತಾ? ಆಮೇಲೆ ಯಾವ ದಿನವೂ ಇಲ್ಲದ ಹಾಗೆ ಆಗುತ್ತೆ ಅಕ್ಕ.

ನೈಟ್ ಡ್ಯೂಟಿ ನರ್ಸ್ (ಮಂಗಳೂರು)

ನಿಮ್ಮ ಅಪ್ಪನನ್ನು ಭಾನುವಾರ ಮಧ್ಯರಾತ್ರಿ ಎದೆನೋವಿಗೆ ಕರೆತಂದರೆ ನಾನು ಅಲ್ಲಿರಬೇಕಲ್ಲ ತಮ್ಮ?

ವಚನದ ಹುಡುಗ

ಅದು ಸರಿ. ಆ ಮಾತು ವಾಪಸ್ ತಗೋತೀನಿ.

ಮರಳುಗಾಡಿನ ಮನೆ (ಕುವೈತ್)

ದಿನದ ಮಾತು ಬಂತಲ್ಲ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಎಂದರೆ ಕೆಲಸದ ಮೊದಲ ದಿನ. ನಾವು ಉಡುಪಿ ಜಿಲ್ಲೆಯವರು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಶುಕ್ರವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಒಂದು ಭಾಷೆಯ ಪೂಜೆ ಮುಗಿಯುವ ಹೊತ್ತಿಗೆ ಇನ್ನೊಂದು ಭಾಷೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ನನ್ನ ಮಗಳಿಗೆ ಕರ್ತನ ದಿನ ಅಂದರೆ ಶುಕ್ರವಾರ ಅಂತಲೇ ಅಭ್ಯಾಸವಾಗಿದೆ. ದುಬೈ ಕಡೆ 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆ ಮಾಡಿದರು. ಅಲ್ಲಿರುವ ನನ್ನ ತಮ್ಮ, ಮೂವತ್ತು ವರ್ಷದ ಅಭ್ಯಾಸ ಬಿಟ್ಟು ಭಾನುವಾರ ಚರ್ಚಿಗೆ ಹೋದಾಗ ಊರಿಗೇ ಹೋದ ಹಾಗಾಯಿತು ಅಂದ.

ಇಲ್ಲಿ ಮನೆಗೆಲಸಕ್ಕೆ ಬಂದ ನಮ್ಮೂರಿನ ಹೆಂಗಸರನ್ನು ಚರ್ಚಿನಲ್ಲಿ ನೋಡುತ್ತೇನೆ. ಕೆಲವರಿಗೆ ವಾರಕ್ಕೊಮ್ಮೆ ಹೊರಗೆ ಬಿಡುತ್ತಾರೆ, ಕೆಲವರಿಗೆ ತಿಂಗಳಿಗೊಮ್ಮೆ. ಅವರು ಬೆಂಚಿನ ಮೇಲೆ ಕೂತು ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಅದು ಪ್ರಾರ್ಥನೆಯೋ ನಿದ್ದೆಯೋ ನನಗೆ ಗೊತ್ತಿಲ್ಲ, ಎರಡರಲ್ಲಿ ಯಾವುದಾದರೂ ಅವರನ್ನು ಎಬ್ಬಿಸಬಾರದು ಅನ್ನಿಸುತ್ತದೆ.

ಕೆಂಪುಮಣ್ಣು

ಇದನ್ನ ಓದಿ ಕಣ್ಣು ತುಂಬಿತು.

ಮೂರು ಮಕ್ಕಳ ತಾಯಿ

ಟೀಚರ್, ತಪ್ಪು ತಿಳ್ಕೋಬೇಡಿ, ಒಂದು ಪ್ರಶ್ನೆ. ನಿಮ್ಮ ಮನೆಗೆ ಕೆಲಸದವರು ಬರ್ತಾರಾ? ಭಾನುವಾರವೂ ಬರ್ತಾರಾ?

ಭಾನುವಾರದ ಟೀಚರ್ (ಬೆಂಗಳೂರು)

ಬರ್ತಾರೆ. ಭಾನುವಾರವೂ ಬರ್ತಾರೆ. ನಾವು ಆರಾಧನೆಗೆ ಹೋದಾಗ ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗ್ತೀನಿ, ಅವರು ಬಂದು ಪಾತ್ರೆ ತೊಳೆದು ಹೋಗ್ತಾರೆ. ಇದನ್ನ ಬರೆಯುವಾಗ ಕೈ ನಡುಗ್ತಿದೆ. ಪಟ್ಟಿಯಲ್ಲಿ ದಾಸಿ ಅಂತ ಓದಿಸಿದ್ದು ನಾನೇ. ಅಮ್ಮ ಯಾಕಿಲ್ಲ ಅನ್ನೋದೊಂದೇ ತಲೆಯಲ್ಲಿತ್ತು, ಇದ್ದವಳ ಹೆಸರು ಕಣ್ಣಿಗೆ ಬೀಳಲೇ ಇಲ್ಲ.

ಅರ್ಥ ಕೇಳುವವನು

ಧರ್ಮೋಪದೇಶಕಾಂಡದ ವಿಶೇಷವೇ ಅದು. ವಿಮೋಚನಕಾಂಡ 20ರಲ್ಲಿ ಸಬ್ಬತ್ತಿಗೆ ಕಾರಣ ಸೃಷ್ಟಿ, ದೇವರು ಏಳನೇ ದಿನ ವಿಶ್ರಮಿಸಿದ. ಧರ್ಮೋಪದೇಶಕಾಂಡ 5ರಲ್ಲಿ ಕಾರಣವೇ ಬೇರೆ: ನೀನೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸನಾಗಿದ್ದೆ, ಮರೀಬೇಡ. ನಿನ್ನ ಹಾಗೆಯೇ ನಿನ್ನ ದಾಸ ದಾಸಿಯರಿಗೂ ವಿಶ್ರಾಂತಿ ಸಿಗಬೇಕು. ಅಲ್ಲಿ ದಾಸರಾಗಿ ಇಟ್ಟಿಗೆ ಹೊತ್ತವರಿಗೆ ಕೊಟ್ಟ ಆಜ್ಞೆ ಇದು.

ಹೊಸ ಓದುಗ

ಮಧ್ಯೆ ಬಂದು ಹೇಳ್ತಿದ್ದೀನಿ, ಕ್ಷಮಿಸಿ. ಭಾನುವಾರದ ರಜೆ ನಮಗೆ ಬ್ರಿಟಿಷರು ಕೊಟ್ಟಿದ್ದು ಅಲ್ವಾ? ಅವರ ಚರ್ಚಿಗೋಸ್ಕರ?

ಮಿಲ್ ಕಾರ್ಮಿಕನ ಮಗ

ಆಫೀಸಿನವರಿಗೆ ಇತ್ತು, ಬೊಂಬಾಯಿಯ ಹತ್ತಿ ಗಿರಣಿ ಕೆಲಸಗಾರರಿಗೆ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ, ಜೋತಿಬಾ ಫುಲೆಯವರ ಜೊತೆಗಾರ, ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಗಿರಣಿ ಮಾಲೀಕರಿಂದ ಭಾನುವಾರದ ರಜೆ ಪಡೆದರು. ಕೂಲಿಕಾರರು ಕೇಳಿ ಪಡೆದ ದಿನ ಅದು. ಅಪ್ಪ ದಾವಣಗೆರೆ ಗಿರಣಿಯಲ್ಲಿದ್ದರು, ಆ ಒಂದು ದಿನಕ್ಕೆ ಅವರು ಎಷ್ಟು ಬೆಲೆ ಕೊಡ್ತಿದ್ದರು ಅನ್ನೋದು ನನಗೆ ಗೊತ್ತು. ಇವತ್ತಿಗೂ ಅಂಗಡಿ ಮುಂಗಟ್ಟಿನ ಕೆಲಸಗಾರರಿಗೆ ವಾರಕ್ಕೊಂದು ರಜೆ ಕಾನೂನಿನಲ್ಲಿದೆ. ಮನೆಗೆಲಸದವರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಕಾಡಿನ ಅಂಚು (ಜರ್ಮನಿ)

ನಾವು ಸ್ಟುಟ್‌ಗಾರ್ಟ್ ಹತ್ತಿರ ಇದ್ದೀವಿ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ಬೇಕರಿ ಸ್ವಲ್ಪ ಹೊತ್ತು, ಪೆಟ್ರೋಲ್ ಬಂಕು, ದೊಡ್ಡ ರೈಲು ನಿಲ್ದಾಣದ ಅಂಗಡಿ, ಅಷ್ಟೇ. ಗೋಡೆಗೆ ಡ್ರಿಲ್ ಹಾಕಿದರೆ ಪಕ್ಕದವರು ಬಂದು ಬಾಗಿಲು ಬಡೀತಾರೆ. ಭಾನುವಾರ ಕೆಲಸದಿಂದ ಬಿಡುವಿನ, ಆತ್ಮದ ಏಳಿಗೆಯ ದಿನ ಅಂತ 1919ರ ವೈಮಾರ್ ಸಂವಿಧಾನದಲ್ಲಿ ಬರೆದದ್ದು ಈಗಿನ ಸಂವಿಧಾನದಲ್ಲೂ ಉಳಿದಿದೆ. ಚರ್ಚಿಗೆ ಹೋಗೋರು ಕಡಿಮೆಯಾದರೂ ದಿನ ಉಳಿದುಕೊಂಡಿದೆ. ಮೊದಲ ವರ್ಷ ಶನಿವಾರ ಹಾಲು ತರೋಕೆ ಮರೆತು ಪರದಾಡಿದ್ವಿ. ಈಗ ಇದೇ ಚೆನ್ನಾಗಿದೆ, ಕೊಳ್ಳೋಕೆ ಏನೂ ಸಿಗದೇ ಇದ್ದಾಗ ಮನೆಯವರೆಲ್ಲ ಕಾಡಲ್ಲಿ ನಡೀತೀವಿ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಪಾದ್ರಿ ಮೋಗ್ಲಿಂಗ್ ಹುಟ್ಟಿದ ಬ್ರಾಕನ್‌ಹೈಮ್ ಇಲ್ಲಿಂದ ದೂರವಿಲ್ಲ. ಒಂದು ಭಾನುವಾರ ಹೋಗಿ ನೋಡಿ ಬಂದ್ವಿ. ಎಲ್ಲ ಮುಚ್ಚಿತ್ತು, ದ್ರಾಕ್ಷಿ ತೋಟದಲ್ಲಿ ಓಡಾಡಿ ಬಂದ್ವಿ.

ಎರಡೆತ್ತಿನ ಗಾಡಿ (ಧಾರವಾಡ ಜಿಲ್ಲಾ)

ಮೋಗ್ಲಿಂಗ್ ಸಾಹೇಬರ ಊರಿನ ಫೋಟೋ ಇದ್ರ ಹಾಕ್ರಿ.

ಹತ್ತನೇ ಕ್ಲಾಸ್

ನಾನು ಸಣ್ಣವಳು, ಬರೀಬಹುದಾ? ನನಗೆ ಭಾನುವಾರ ಬೆಳಿಗ್ಗೆ ಏಳಕ್ಕೆ ಕೋಚಿಂಗ್ ಟೆಸ್ಟ್. ಚರ್ಚಿಗೆ ಹೋಗಿ ಎರಡು ತಿಂಗಳಾಯ್ತು. ಅಮ್ಮನೇ 'ದೇವರು ಅರ್ಥ ಮಾಡ್ಕೋತಾರೆ, ಓದು' ಅಂತಾರೆ. ನನಗೆ ಬೇಕಾಗಿರೋದು ಒಂದೇ ಒಂದು ದಿನ ಯಾರೂ ಮಾರ್ಕ್ಸ್ ಕೇಳದೇ ಇರೋದು.

ನೈಟ್ ಡ್ಯೂಟಿ ನರ್ಸ್ (ಮಂಗಳೂರು)

ಮಗಾ, ನಿನ್ನ ಕೊನೆಯ ಸಾಲನ್ನು ಅಮ್ಮನಿಗೆ ತೋರಿಸು. ಹಾಗೆಯೇ ತೋರಿಸು.

ಶುಕ್ರವಾರದ ಸಂಜೆ

ನಮ್ಮ ಮಗನಿಗೂ ಶನಿವಾರದ ಪರೀಕ್ಷೆಗಳ ತೊಂದರೆ ಇದೆ ಪುಟ್ಟಾ. ಹೆಡ್‌ಮಾಸ್ಟರಿಗೆ ಪತ್ರ ಬರೆದು ಕೇಳಿಕೊಂಡ್ವಿ, ಒಂದು ಸಲ ಒಪ್ಪಿದರು, ಒಂದು ಸಲ ಇಲ್ಲ ಅಂದರು. ಒಪ್ಪದ ಸಲ ಅಂಕ ಹೋಯ್ತು. ಅವನಿಗೆ ಬೇಜಾರಾಯ್ತು, ನಮಗೂ ಆಯ್ತು. ಸುಲಭ ಅಂತ ಸುಳ್ಳು ಹೇಳಲ್ಲ. ನೀಟ್ ಕೂಡ ನೋಡಿ, 2023, 2024, 2025 ಮೂರು ವರ್ಷವೂ ಮೇ ತಿಂಗಳ ಮೊದಲ ಭಾನುವಾರವೇ ಬಂತು. ಭಾನುವಾರ ಆಚರಿಸೋರಿಗೆ ಅದು ಕಷ್ಟದ ದಿನ.

ವಚನದ ಹುಡುಗ

1924ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಎರಿಕ್ ಲಿಡೆಲ್ ಭಾನುವಾರ ಓಡಲ್ಲ ಅಂತ 100 ಮೀಟರ್ ಬಿಟ್ಟುಕೊಟ್ಟು, 400 ಮೀಟರಲ್ಲಿ ಚಿನ್ನ ಗೆದ್ದರು ತಂಗಿ.

ಮೂರು ಮಕ್ಕಳ ತಾಯಿ

ಅವರಿಗೆ 400 ಮೀಟರ್ ಇತ್ತು. ಈ ಮಗುವಿಗೆ ಎರಡನೇ ಪರೀಕ್ಷೆ ಯಾರು ಇಟ್ಟುಕೊಡ್ತಾರೆ? ಮೊದಲು ಭಾನುವಾರ ಟೆಸ್ಟ್ ಇಡೋ ಕೋಚಿಂಗಿಗೆ ನಾವು ಫೀಸ್ ಕಟ್ಟೋದನ್ನ ನಿಲ್ಲಿಸಬೇಕು.

ನಗರದ ಅಪ್ಪ

ನಮ್ಮ ಮನೆಯಲ್ಲಿ ಭಾನುವಾರ ಅಡುಗೆಯೇ ಇಲ್ಲ. ಆಪಲ್ಲಿ ಬಿರಿಯಾನಿ ತರಿಸ್ತೀವಿ. ಹೆಂಡತಿಗೂ ಬಿಡುವು, ಎಲ್ಲರಿಗೂ ಖುಷಿ. ಇಷ್ಟು ಸುಲಭ ಇರೋದನ್ನ ಯಾಕೆ ಕಷ್ಟ ಮಾಡ್ಕೋತೀರಿ?

ಮಿಲ್ ಕಾರ್ಮಿಕನ ಮಗ

ಆ ಬಿರಿಯಾನಿ ತಂದುಕೊಟ್ಟ ಹುಡುಗನಿಗೆ ಭಾನುವಾರ ಯಾವಾಗ ಅಣ್ಣ?

ನಗರದ ಅಪ್ಪ

ಅವನಿಗೆ ಭಾನುವಾರವೇ ಸಂಪಾದನೆ ಜಾಸ್ತಿ. ನಾವು ತರಿಸದಿದ್ದರೆ ಅವನ ಹೊಟ್ಟೆಗೆ ಕಲ್ಲು ಹಾಕಿದ ಹಾಗೆ.

ಮಿಲ್ ಕಾರ್ಮಿಕನ ಮಗ

ಗಿರಣಿ ಮಾಲೀಕರೂ ಇದನ್ನೇ ಹೇಳಬಹುದಿತ್ತು. ಜಗಳಕ್ಕೆ ಹೇಳ್ತಿಲ್ಲ, ನಿಮ್ಮ ಮಾತಲ್ಲೂ ನಿಜ ಇದೆ, ಅದೇ ಕಷ್ಟ.

ನಗರದ ಅಪ್ಪ

ಯೋಚಿಸ್ತೀನಿ. ಬಿರಿಯಾನಿ ಶನಿವಾರ ತರಿಸಿ ಭಾನುವಾರ ಬಿಸಿ ಮಾಡಿದರೆ ರುಚಿ ಹೋಗಲ್ವಾ?

ಕೆಂಪುಮಣ್ಣು

ಮಾರನೇ ದಿನದ ಬಿರಿಯಾನಿಯೇ ರುಚಿ! ಫ್ರಿಜ್ಜಲ್ಲಿಡಿ, ಮುಚ್ಚಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ.

ಅಯ್ಯನವರ ಮನೆ

ಸಭಾಪಾಲಕರ ಹೆಂಡತಿ ನಾನು. ಬೇರೆಯವರ ಸಬ್ಬತ್ತಿಗಾಗಿ ಭಾನುವಾರ ಪೂರ್ತಿ ದುಡಿಯೋ ಮನೆ ನಮ್ಮದು. ಅಯ್ಯನವರಿಗೆ ಮೂರು ಆರಾಧನೆ, ಒಂದು ಮದುವೆ ಮಾತುಕತೆ, ಒಂದು ಆಸ್ಪತ್ರೆ ಭೇಟಿ. ಸೋಮವಾರ ಬಿಡುವು ಅಂತ ಸಭೆಯಲ್ಲಿ ಹೇಳಿದ್ದರೂ ಫೋನ್ ನಿಲ್ಲಲ್ಲ. ಅದಕ್ಕೇ ಈಗ ಸೋಮವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಇಬ್ಬರ ಫೋನೂ ಅಕ್ಕಿ ಡಬ್ಬದ ಮೇಲಿರುತ್ತೆ, ಸಾವು ನೋವಿನ ಸುದ್ದಿ ಇದ್ದರೆ ಪಕ್ಕದ ಮನೆಯವರು ಬಂದು ಹೇಳ್ತಾರೆ. ನಾಲ್ಕೇ ಗಂಟೆ. ಆ ನಾಲ್ಕು ಗಂಟೆಯಲ್ಲಿ ನಾವು ಗಂಡ ಹೆಂಡತಿ ಹೆಚ್ಚು ಮಾತೂ ಆಡಲ್ಲ, ಟೀ ಕುಡಿದು ಕೂರ್ತೀವಿ.

ಟೀಚರಮ್ಮ, ನಿಮಗೊಂದು ಮಾತು. ಸ್ತ್ರೀಯರ ಸಂಘದ ಮೀಟಿಂಗ್ ಭಾನುವಾರವೇ ಆಗಬೇಕು ಅಂತ ಯಾವ ಗ್ರಂಥದಲ್ಲೂ ಇಲ್ಲ. ನಮ್ಮ ಸಭೆಯಲ್ಲಿ ಎರಡನೇ ಶನಿವಾರಕ್ಕೆ ಹಾಕಿದೆವು. ಸ್ವಲ್ಪ ಜನ ಸಿಟ್ಟಾದರು, ಆಮೇಲೆ ಸರಿಹೋದರು.

ಕಡಲ ದಾರಿ

ಸ್ವಲ್ಪ ಬೇರೆ ವಿಷಯ, ಆದರೂ ಹೇಳ್ತೀನಿ. ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಅನ್ನೋ ಯೆಹೂದಿ ಜನ ಇದ್ದರು, ಗಾಣದ ಕಸುಬು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದಕ್ಕೆ ಊರವರು ಅವರನ್ನ 'ಶನಿವಾರ ತೇಲಿ' ಅಂತ ಕರೀತಿದ್ದರು, ಶನಿವಾರದ ಗಾಣಿಗರು ಅಂತ. ಕೆಲಸ ಮಾಡಿದ ದಿನದಿಂದ ಯಾರಿಗೂ ಹೆಸರು ಬರಲ್ಲ, ಬಿಟ್ಟ ದಿನದಿಂದ ಇವರಿಗೆ ಬಂತು.

ಎರಡೆತ್ತಿನ ಗಾಡಿ (ಧಾರವಾಡ ಜಿಲ್ಲಾ)

ಗಾಣದ ಎತ್ತಿಗೂ ಸೂಟಿ ಸಿಗತಿತ್ತಂದ್ರ. ಛಲೋ ಆತು.

ಭಾನುವಾರದ ಟೀಚರ್ (ಬೆಂಗಳೂರು)

ಎರಡು ವಾರ ಆದ ಮೇಲೆ ಬರೀತಿದ್ದೀನಿ. ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ.

ಮೊದಲು ಕೆಲಸದವರಿಗೆ, 'ಇನ್ನು ಭಾನುವಾರ ಬರಬೇಡಿ, ಸಂಬಳ ಕಡಿಮೆ ಮಾಡಲ್ಲ' ಅಂದೆ. ಅವರು ಸಂತೋಷ ಪಡ್ತಾರೆ ಅಂದುಕೊಂಡಿದ್ದೆ. 'ಇದೇ ಬೀದಿಯಲ್ಲಿ ಇನ್ನೆರಡು ಮನೆಗೆ ಹೋಗಲೇಬೇಕಲ್ಲ ಅಕ್ಕ, ನಿಮ್ಮದೊಂದು ಬಿಟ್ಟರೆ ಮುಕ್ಕಾಲು ಗಂಟೆ ಉಳೀತದೆ ಅಷ್ಟೇ' ಅಂದರು. ಬಸ್ ಹತ್ತೋದು ತಪ್ಪಲ್ಲ, ಐದಕ್ಕೆ ಏಳೋದೂ ತಪ್ಪಲ್ಲ. ಒಂದು ಮನೆ ಬಿಡುವು ಕೊಟ್ಟರೆ ಬಿಡುವು ಆಗಲ್ಲ ಅನ್ನೋದು ಅವತ್ತು ಗೊತ್ತಾಯ್ತು. ಆ ಎರಡು ಮನೆಗೂ ಹೋಗಿ ಮಾತಾಡಿದೆ. ಒಬ್ಬರು ತಕ್ಷಣ ಒಪ್ಪಿದರು, ಅವರು ಕ್ರೈಸ್ತರಲ್ಲ, 'ಒಳ್ಳೇ ಕೆಲಸಕ್ಕೆ ಕೇಳಬೇಕಾ' ಅಂದರು. ಇನ್ನೊಂದು ಮನೆಯವರು ನಮ್ಮ ಸಭೆಯವರೇ. ಭಾನುವಾರ ನೆಂಟರು ಬರ್ತಾರೆ, ಆಗಲ್ಲ ಅಂದರು.

ಮನೆಯಲ್ಲಿ: ಶನಿವಾರ ಸಂಜೆ ಎಲ್ಲರೂ ಸೇರಿ ಅಡುಗೆ. ಯಜಮಾನರು ಅನ್ನಕ್ಕೆ ನೀರು ಜಾಸ್ತಿ ಹಾಕಿದರು, ಮುದ್ದೆಯಾಯ್ತು, ಅದನ್ನೇ ಮೊಸರನ್ನ ಮಾಡಿದೆವು. ಕೋಳಿಸಾರು ಇಲ್ಲ ಅಂತ ಅತ್ತೆಗೆ ಮೊದಲ ವಾರ ಬೇಜಾರಿತ್ತು. ಎರಡನೇ ವಾರ ಮಧ್ಯಾಹ್ನ ಅವರೇ ನನ್ನ ಪಕ್ಕ ಮಲಗಿ, 'ನನ್ನ ಅರವತ್ತೆಂಟು ವರ್ಷದಲ್ಲಿ ಭಾನುವಾರ ಹಗಲು ಮಲಗಿದ್ದು ಇದೇ ಮೊದಲು' ಅಂದರು. ನಾನು ಏನೂ ಹೇಳಲಿಲ್ಲ, ಅವರ ಕೈ ಹಿಡ್ಕೊಂಡೆ.

ಆ ಹುಡುಗಿಗೂ ಉತ್ತರ ಕೊಟ್ಟೆ. ಮನೆಗೆ ಹೋಗಿ ಅಮ್ಮನ ಹೆಸರನ್ನ ಪಟ್ಟಿಯ ಪಕ್ಕ ಪೆನ್ಸಿಲಲ್ಲಿ ಬರೆದುಕೋ, ಆಮೇಲೆ ಅವತ್ತಿನ ತಟ್ಟೆ ನೀನು ತೊಳಿ ಅಂದೆ.

ಮೂರು ಮಕ್ಕಳ ತಾಯಿ

ಆ ಒಪ್ಪದ ಮನೆ ಏನಾಯ್ತು? ಸಭೆಯವರೇ ಅಂದರೆ ಇನ್ನೂ ಬೇಜಾರು.

ಭಾನುವಾರದ ಟೀಚರ್ (ಬೆಂಗಳೂರು)

ಈ ಶುಕ್ರವಾರ ಅತ್ತೆ ಹೋಗಿ ಮಾತಾಡ್ತೀನಿ ಅಂದಿದ್ದಾರೆ. ಅವರಿಬ್ಬರು ಒಂದೇ ಸಂಡೇ ಸ್ಕೂಲಲ್ಲಿ ಬೆಳೆದವರು. ಏನಾಯ್ತು ಅಂತ ಬಂದು ಬರೀತೀನಿ.

ಕೆಂಪುಮಣ್ಣು

ಕಾಯ್ತಿರ್ತೀವಿ. ಶುಕ್ರವಾರದ ಸಂಜೆ ಅಕ್ಕ, ಆ ಪುಳಿಯೋಗರೆ ಗೊಜ್ಜಿನ ಅಳತೆ ಹಾಕಿಬಿಡಿ, ಎಷ್ಟು ದಿನ ಕೆಡದೆ ಇರುತ್ತೆ ಅನ್ನೋದನ್ನೂ ಹೇಳಿ.

ಶುಕ್ರವಾರದ ಸಂಜೆ

ನೀರು ತಾಗದ ಚಮಚ ಹಾಕಿದರೆ ಫ್ರಿಜ್ಜಲ್ಲಿ ಮೂರು ವಾರ ಆರಾಮಾಗಿ ಇರುತ್ತೆ. ಅಳತೆ ಬರೆದು ಹಾಕ್ತೀನಿ, ಈಗಲ್ಲ, ಸೂರ್ಯ ಮುಳುಗೋಕೆ ಇಪ್ಪತ್ತು ನಿಮಿಷ ಇದೆ.